ಮನೋವಿಜ್ಞಾನದ ಸಂಶೋಧನೆ ಮತ್ತು ನಮ್ಮ ಮಕ್ಕಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗದಲ್ಲಿ ನಡೆಯುವ ಸಂಶೋಧನೆಯಿಂದ ನಮ್ಮಂಥ ಊರಿನ ಜನರಿಗೆ ಏನು ಪ್ರಯೋಜನ ಎಂಬುದರ ಬಗ್ಗೆ ಮಾತನಾಡಲು ಸಂಘದ ಕಾರ್ಯದರ್ಶಿಗಳು ನನಗೆ ಹೇಳಿದರು. ವಿಷಯ ದೊಡ್ಡದು, ನಾನು ಸಣ್ಣ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವವನು. ಬಿ.ಇಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಎಂಬ ಒಂದು ಪತ್ರಿಕೆ ಇತ್ತು. ಪರೀಕ್ಷೆ ಬರೆದೆ, ಪಾಸಾದೆ, ಮರೆತೆ. ಅದನ್ನು ಮತ್ತೆ ನೆನಪಿಸಿದವಳು ಮೂರನೇ ತರಗತಿಯ ಒಬ್ಬ ಹುಡುಗಿ. ಆದ್ದರಿಂದ ಅವಳಿಂದಲೇ ಶುರು ಮಾಡುತ್ತೇನೆ.

ಅವಳ ತಂದೆ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ಕೂಲಿ. ಮನೆ ಮಾತು ನಮ್ಮ ದಖ್ಖನಿ. ಒಂದು ಸಲ ಕನ್ನಡ ಪರೀಕ್ಷೆಯಲ್ಲಿ ಮೂರು ಚಿತ್ರಗಳನ್ನು ಸಾಲಾಗಿ ಕೊಟ್ಟು, ಕಥೆ ಹೇಳಿ ಎಂದು ಕೇಳಿದ್ದೆ. ಎಡಗಡೆ ಹುಡುಗನೊಬ್ಬ ಮಡಕೆ ಹಿಡಿದು ನಗುತ್ತಾ ಬರುತ್ತಿದ್ದಾನೆ. ನಡುವೆ ಮಡಕೆ ಒಡೆದು ಬಿದ್ದಿದೆ. ಬಲಗಡೆ ಅವನು ಕುಳಿತು ಅಳುತ್ತಿದ್ದಾನೆ. ಈ ಹುಡುಗಿ ಹೇಳಿದ್ದು ಹೀಗೆ: 'ಹುಡುಗ ಅಳ್ತಾ ಇದ್ದ. ಮಡಕೆ ಒಡೆದೋಯ್ತು. ಆಮೇಲೆ ಹೊಸ ಮಡಕೆ ತಗೊಂಡು ನಗ್ತಾ ಬಂದ.' ನಾನು ಸೊನ್ನೆ ಹಾಕಿದೆ. ಕೆಂಪು ಶಾಯಿಯಲ್ಲಿ 'ಅರ್ಥವಾಗಿಲ್ಲ' ಎಂದೂ ಬರೆದೆ. ಇಂಥ ಇನ್ನೂ ನಾಲ್ಕಾರು ಸೊನ್ನೆಗಳು ಸೇರಿ, ಅವಳ ಹೆಸರು ನಿಧಾನ ಕಲಿಕೆಯ ಮಕ್ಕಳ ಪಟ್ಟಿಗೆ ಹೋಯಿತು. ಪಟ್ಟಿ ಬರೆದ ಕೈ ನನ್ನದೇ. ಅವಳ ತಾಯಿ ಬಂದು, 'ಮಾಸ್ಟರ್, ಇಸ್ಕು ಅಕಲ್ ಕಮ್ ಹೈ ಕ್ಯಾ?' ಎಂದು ಕೇಳಿದರು. ಅವಳಿಗೆ ಬುದ್ಧಿ ಕಡಿಮೆಯೇ ಎಂದು. ನಾನು ಇಲ್ಲ ಎನ್ನಲಿಲ್ಲ.

ಕೆಲವು ವರ್ಷಗಳ ನಂತರ ಮೈಸೂರಿಗೆ ತರಬೇತಿಗೆ ಹೋಗಿದ್ದಾಗ, ಒಬ್ಬ ಸಂಶೋಧನಾ ವಿದ್ಯಾರ್ಥಿ ಮಾತಿನ ಮಧ್ಯೆ ಒಂದು ಅಧ್ಯಯನದ ಬಗ್ಗೆ ಹೇಳಿದರು. ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗದ ಪ್ರಕಾಶ್ ಪದಕಣ್ಣಾಯ ಅವರು, ಜ್ಯೋತ್ಸ್ನಾ ವೈದ್ ಮತ್ತಿತರ ಸಹೋದ್ಯೋಗಿಗಳೊಂದಿಗೆ ಮಾಡಿ, 2002ರಲ್ಲಿ 'ಬ್ರೈನ್ ಅಂಡ್ ಕಾಗ್ನಿಷನ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಸಾಲಾಗಿಟ್ಟ ಚಿತ್ರಗಳನ್ನು ಹೆಸರಿಸುವಾಗ, ನೆನಪಿಸಿಕೊಳ್ಳುವಾಗ ಕಣ್ಣು ಯಾವ ಕಡೆಯಿಂದ ಹೊರಡುತ್ತದೆ? ಅದಕ್ಕೂ ನಾವು ಓದುವ ಲಿಪಿಯ ದಿಕ್ಕಿಗೂ, ಆ ಓದಿನ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೂ ಏನು ಸಂಬಂಧ? ಅವರು ಕೇಳಿದ ಪ್ರಶ್ನೆ ಇದು.

ನನಗೆ ಆ ಮಡಕೆ ನೆನಪಾಯಿತು. ಹುಡುಗಿ ಕಥೆಯನ್ನು ಬಲದಿಂದ ಓದಿದ್ದಳು. ಉರ್ದು ಓದುವವಳು ಮತ್ತೆ ಎಲ್ಲಿಂದ ಓದಬೇಕು? ಬಲದಿಂದ ನೋಡಿದರೆ ಅವಳ ಕಥೆಯಲ್ಲಿ ಒಂದು ತಪ್ಪೂ ಇಲ್ಲ. ನನ್ನ ಕಥೆಗಿಂತ ಚೆನ್ನಾಗಿಯೇ ಮುಗಿಯುತ್ತದೆ. ಎರಡೂ ಲಿಪಿ ಕಲಿಸುವ ನನಗೇ ಅದು ಹೊಳೆಯಲಿಲ್ಲವಲ್ಲ!

ಈ ವಿಭಾಗದ ಬಗ್ಗೆ ಎರಡು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ದೇಶದಲ್ಲಿ ಕಲ್ಕತ್ತೆಯ ನಂತರ ಇದೇ. ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದವರೂ ಇವರೇ. ಆ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಮನಸ್ಸಿನ ಪಾಠ ಹೇಳುವ ಪ್ರೊಫೆಸರರಿಗೆ ರೇಡಿಯೋ ಯಾಕೆ ಬೇಕಿತ್ತು ಎಂದು ಕೇಳಬಹುದು. ಕಾಲೇಜಿನ ಮೆಟ್ಟಿಲು ಹತ್ತದ ಜನರಿಗೂ ಮಾತು ತಲುಪಲಿ ಎಂದು ಎಂಬುದು ನನ್ನ ಊಹೆ. ಇಂದು ಸಮುದಾಯ ಸಂಪರ್ಕ ಎಂದು ಕರೆಯುವುದು ಇದನ್ನೇ ಅಲ್ಲವೇ?

ಇನ್ನು ಬುದ್ಧಿ ಅಳೆಯುವ ವಿಚಾರ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ತಮ್ಮ ಪರೀಕ್ಷೆ ತಯಾರಿಸಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಎಂದು ಗುರುತಿಸಲು, ದಡ್ಡರ ಪಟ್ಟಿ ಮಾಡಲು ಅಲ್ಲ. ಧಾರವಾಡದ ಡಾ. ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಬಂತು. 1955ರಲ್ಲಿ ಸಿ.ಎಂ. ಭಾಟಿಯಾ ಅವರು ಅಕ್ಷರ ಬಾರದವರಿಗೂ ಕೊಡಬಹುದಾದ, ಘನಗಳನ್ನು ಜೋಡಿಸುವ, ಆಕೃತಿ ಬರೆಯುವ ಐದು ಪರೀಕ್ಷೆಗಳ ಸರಣಿ ತಂದರು. ಇವರೆಲ್ಲ ಯಾಕೆ ಇಷ್ಟು ಕಷ್ಟಪಟ್ಟರು? ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಅಳತೆಗೆ ಸಿಗುವುದು ಬುದ್ಧಿಯಲ್ಲ, ಆ ಭಾಷೆಯ ಪರಿಚಯ ಮಾತ್ರ.

ಎರಡು ಭಾಷೆಯಿಂದ ಮಗುವಿನ ತಲೆ ಕೆಡುತ್ತದೆ ಎಂಬ ಮಾತನ್ನು ನಮ್ಮಲ್ಲೂ ಹೇಳುವವರಿದ್ದಾರೆ. 1923ರಲ್ಲಿ ವೇಲ್ಸ್ ದೇಶದ ಹಳ್ಳಿ ಮಕ್ಕಳನ್ನು ನೋಡಿ ಸೇರ್ ಎಂಬ ವಿದ್ವಾಂಸರೂ ಹಾಗೇ ಬರೆದಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್, ಮನೆಯ ಸ್ಥಿತಿಗತಿ ಸಮನಾಗಿರುವ ಮಕ್ಕಳನ್ನು ಹೋಲಿಸಿ ನೋಡಿದರೆ ಫಲಿತಾಂಶ ಉಲ್ಟಾ. ಎರಡು ಭಾಷೆಯ ಮಕ್ಕಳೇ ಮುಂದೆ. ಅಷ್ಟು ದೂರ ಹೋಗುವುದೂ ಬೇಡ. ಒಡಿಶಾದ ಕಂಧ ಬುಡಕಟ್ಟಿನಲ್ಲಿ ಕುಯಿ ಮತ್ತು ಒಡಿಯಾ ಎರಡೂ ಆಡುವ ಮಕ್ಕಳನ್ನು, ಒಡಿಯಾ ಮಾತ್ರ ಆಡುವ ಅದೇ ಬುಡಕಟ್ಟಿನ ಮಕ್ಕಳೊಂದಿಗೆ ಅಜಿತ್ ಮೊಹಂತಿ ಹೋಲಿಸಿದರು. ಅಲ್ಲೂ ಎರಡು ಭಾಷೆಯವರೇ ಮೇಲು. ಅವರ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ನಮ್ಮ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ. ನಮ್ಮ ಮಕ್ಕಳಂತೂ ಬೆಳಗಿನ ಮಕ್ತಬ್‌ನಲ್ಲಿ ಅರಬಿ, ಶಾಲೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಕಲಿಯುತ್ತಾರೆ. ಎಂಟು ವರ್ಷ ತುಂಬುವುದರೊಳಗೆ ಎರಡು ಬಲದಿಂದ, ಎರಡು ಎಡದಿಂದ! ಕನ್ನಡ ಮನೆಮಾತಿನ ಮಕ್ಕಳಿಗೂ ಎಲ್ಲ ಗುಣಿತಾಕ್ಷರ, ಒತ್ತಕ್ಷರ ಕೈಗೆ ಬರಲು ಮೂರು ನಾಲ್ಕು ವರ್ಷ ಸಾಲದು ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಹಾಗಿರುವಾಗ ನಮ್ಮ ಮಗುವಿಗೆ ಮೂರನೇ ತರಗತಿಯಲ್ಲೇ ಬರಲಿಲ್ಲವೆಂದು ಗಾಬರಿ ಬೇಡ.

ಈಗ ಸ್ವಲ್ಪ ಕಹಿ ಮಾತು. ನಮ್ಮ ಮೊಹಲ್ಲಾಕ್ಕೂ ಒಮ್ಮೆ ಕಾಲೇಜೊಂದರಿಂದ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಬಂದಿದ್ದರು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಪ್ರಶ್ನೆಗಳು ಕನ್ನಡದಲ್ಲಿ. 'ನಿಮಗೆ ಖಿನ್ನತೆ ಉಂಟಾಗುತ್ತದೆಯೇ?' ಮನೆಯ ಹುಡುಗ ಶಾಲೆಯ ಉರ್ದುವಿನಲ್ಲಿ 'ಅಫ್ಸುರ್ದಗಿ' ಎಂದು ಅಜ್ಜಿಗೆ ತಿಳಿಸಿದ. ಅಜ್ಜಿಗೆ ಅದೂ ತಿಳಿಯದು. 'ನೈ' ಎಂದರು. ಬರೆದುಕೊಂಡರು. ಅದೇ ಅಜ್ಜಿ ಸಂಜೆ ನನ್ನ ತಾಯಿಯ ಹತ್ತಿರ, ಗಂಡ ತೀರಿಕೊಂಡಾಗಿನಿಂದ 'ಜೀ ಘಬರಾತಾ, ನಿದ್ದೆ ಬರಲ್ಲ' ಎಂದು ಅತ್ತರು. ಆ ಕಾಗದದಲ್ಲಿ ಅಜ್ಜಿ ಇಂದಿಗೂ ಆರೋಗ್ಯವಂತೆ. ಹುಡುಗರ ತಪ್ಪೇನೂ ಇಲ್ಲ. ಕನ್ನಡದ ಹಳ್ಳಿಗರೂ 'ಖಿನ್ನತೆ' ಎನ್ನುವುದಿಲ್ಲ, 'ಮನಸ್ಸಿಗೆ ಬೇಜಾರು' ಎನ್ನುತ್ತಾರೆ. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಮೂಲ ಭಾಷೆಗೆ ತಂದು, ಎರಡನ್ನೂ ಹೋಲಿಸಿ ನೋಡುವ ಪದ್ಧತಿ ಈ ಶಾಸ್ತ್ರದಲ್ಲೇ ಇದೆ. ಅದಕ್ಕೆ ದಖ್ಖನಿ ಬಲ್ಲವರು ಬೇಕು. ಆ ಕೆಲಸಕ್ಕೆ ನಮ್ಮವರು ಎಷ್ಟು ಜನ ಇದ್ದಾರೆ?

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ: ಸಂಶೋಧನೆಗೆಂದು ಬಂದವರಿಗೆ ಬಾಗಿಲು ಹಾಕಬೇಡಿ, ಚಹಾ ಕೊಡಿ. ಒಪ್ಪಿಗೆ ಪತ್ರವನ್ನು ಓದಿಸಿಕೊಂಡ ಮೇಲೆ ಸಹಿ ಹಾಕಿ. ಇಷ್ಟವಿಲ್ಲದಿದ್ದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಫಲಿತಾಂಶ ಹೇಳಲು ಯಾವಾಗ ಬರುತ್ತೀರಿ ಎಂದೂ ಕೇಳಿ. ಮನೆಯಲ್ಲಿ ಯಾರಿಗಾದರೂ ಆ ಅಜ್ಜಿಯಂತೆ ಆಗುತ್ತಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು. ತಾವೀಜು ಕಟ್ಟಿಸುವವರನ್ನು ನಾನು ಬೈಯುವುದಿಲ್ಲ. ದುವಾ ಮಾಡಿಸಿ, ಫೋನೂ ಮಾಡಿ.

ವಿದ್ಯಾರ್ಥಿಗಳಿಗೆ ಹೇಳುವುದಾದರೆ, ಬಿ.ಎ.ನಲ್ಲಿ ಮನೋವಿಜ್ಞಾನ ತೆಗೆದುಕೊಂಡು ಮಾನಸಗಂಗೋತ್ರಿಗೆ ಹೋಗುವ ದಾರಿ ನಮ್ಮ ಬೈಲಕುಪ್ಪೆಯಿಂದ ಸುಮಾರು 80 ಕಿಲೋಮೀಟರ್, ಅಷ್ಟೇ. ಎಂ.ಎ. ಆದ ಮೇಲೆ ನೆಟ್ ಅಥವಾ ಕೆಸೆಟ್, ಆಮೇಲೆ ಪಿಎಚ್.ಡಿ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದರ ಕೋರ್ಸ್ ಬೇರೆ, ಮೊದಲೇ ವಿಚಾರಿಸಿಕೊಳ್ಳಿ. ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತಿದೆ, ಅದನ್ನು ನಂಬಿ ಕೂರಬೇಡಿ. ನೆಟ್‌ನಲ್ಲಿ ಜೆಆರ್‌ಎಫ್ ಪಡೆಯಲು ಓದಿ, ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಲ್ಲೂ ಕೇಳಿ.

ಆ ಹುಡುಗಿಯ ಮನೆಗೆ ಕಳೆದ ರಂಜಾನ್‌ನಲ್ಲಿ ಹೋಗಿದ್ದೆ. ಅವಳೀಗ ಹೈಸ್ಕೂಲು. ಅಂದು ತಪ್ಪಾಗಿದ್ದು ನನ್ನದು ಎಂದು ತಾಯಿಗೆ ಹೇಳಿದೆ. ಅವರು ನಕ್ಕು, 'ಅವಳಿಗೆ ಇನ್ನೂ ನೆನಪಿದೆ ಮಾಸ್ಟರ್, ನೀವೇ ಅವಳಿಗೆ ಹೇಳಿ' ಎಂದರು. ಒಳಗೆ ಕರೆದರೂ ಅವಳು ಹೊರಗೆ ಬರಲಿಲ್ಲ.

ಮುಂದಿನ ತಿಂಗಳು ಸಂಘದ ಪರವಾಗಿ ಮನೋವಿಜ್ಞಾನ ವಿಭಾಗಕ್ಕೆ ಪತ್ರ ಬರೆದು, ಸಂಶೋಧನಾ ವಿದ್ಯಾರ್ಥಿಗಳನ್ನು ನಮ್ಮ ಶಾಲೆಗೆ ಆಹ್ವಾನಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇನೆ. ಅವರಿಗೆ ದಖ್ಖನಿಯಲ್ಲಿ ಮಾತು ದಾಟಿಸಲು ಪಿಯುಸಿ ಓದುವ ಐದಾರು ಮಂದಿ ಬೇಕು. ಹೆಸರು ಕೊಡುವವರು ಊಟದ ನಂತರ ನನ್ನನ್ನು ಕಾಣಿ.