ಬಾಡಿಗೆಮನೆಯ ಬಿಸಿನೀರಿನ ಹಂಡೆ



ನಮ್ಮ ಹಿರಿಯರ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ಹೂಡಿದ ತಾಮ್ರದ ಹಂಡೆಯು ಎರಡು ಮೂರು ತಲೆಮಾರು ಬಾಳುತ್ತಿತ್ತು. ಈಗ ಅದರ ಸ್ಥಾನವನ್ನು ವಿದ್ಯುತ್ತಿನ ಗೀಸರು ಪಡೆದಿದೆ. ಆದರೆ ಎಷ್ಟೋ ಬಾಡಿಗೆಮನೆಗಳಲ್ಲಿ ಇದು ಕೆಲವೇ ವರ್ಷಗಳೊಳಗೆ ತಳದಿಂದ ತೊಟ್ಟಿಕ್ಕತೊಡಗುವುದು. ಒಮ್ಮೆ ತೂತುಬಿದ್ದ ಹಂಡೆಗೆ ಬೆಸುಗೆಯೂ ನಿಲ್ಲದು, ಹೊಸದನ್ನೇ ಕೊಳ್ಳಬೇಕು. ಈ ಅಕಾಲಮರಣವನ್ನು ತಪ್ಪಿಸುವ ಬಗೆಯನ್ನು ಇಂದು ವಿಚಾರಮಾಡೋಣ.

ಬೆಂಗಳೂರಿನ ದಕ್ಷಿಣದಲ್ಲಿ, ಕನಕಪುರದ ರಸ್ತೆಯ ಬಳಿ ಇರುವ ಕೋಣನಕುಂಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕುಂಟೆಯೆಂದರೆ ಸಣ್ಣ ಕೆರೆ. ಊರಿನ ಹೆಸರಿನಲ್ಲಿಯೇ ನೀರಿದೆ. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ರೈಲು ನಿಲ್ಲುತ್ತಿದೆ. ಬಾಡಿಗೆಯ ಮನೆಗಳು ತುಂಬಿರುವ ಇಂತಹ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರು, ಟ್ಯಾಂಕರಿನ ನೀರು, ಕಾವೇರಿಯ ನೀರು ಇವೆಲ್ಲವೂ ಒಂದೇ ಸಂಪಿನಲ್ಲಿ ಬೆರೆಯುವುದುಂಟು. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರು ದೊರೆಯದ ಪಕ್ಷದಲ್ಲಿ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಗಡಸು ನೀರು ಕಾದೊಡನೆ ಅದರಲ್ಲಿ ಕರಗಿದ್ದ ಸುಣ್ಣದ ಅಂಶವು ಬೇರ್ಪಟ್ಟು, ಕಾಯಿಸುವ ಸುರುಳಿಯ ಮೇಲೆ ಹೊಪ್ಪಳೆಯಾಗಿಯೂ ತಳದಲ್ಲಿ ಗಸಿಯಾಗಿಯೂ ಕೂರುವುದು.

ಗೀಸರಿನ ಉಕ್ಕಿನ ಹಂಡೆಗೆ ಸಾಮಾನ್ಯವಾಗಿ ಒಳಗಡೆ ಗಾಜಿನಂತಹ ಲೇಪವಿರುತ್ತದೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಇದ್ದಂತೆ ಇದು. ಆದರೆ ಯಾವ ಲೇಪವೂ ಪರಿಪೂರ್ಣವಲ್ಲ. ಸೂಜಿಮೊನೆಯಷ್ಟು ಬಿರುಕು ಸಿಕ್ಕಿದರೂ ತುಕ್ಕು ಅಲ್ಲಿಂದ ಕೊರೆಯಲಾರಂಭಿಸುವುದು. ಆದುದರಿಂದಲೇ ಹಂಡೆಯೊಳಗೆ ಮೆಗ್ನೀಸಿಯಮ್ಮಿನ ಒಂದು ಸಲಾಕೆಯನ್ನು ಇಳಿಬಿಟ್ಟಿರುತ್ತಾರೆ. ಅಂಗಡಿಯವರು ಇದಕ್ಕೆ ಆನೋಡ್ ರಾಡ್ ಎನ್ನುವರು. ಮೆಗ್ನೀಸಿಯಮ್ಮು ಕಬ್ಬಿಣಕ್ಕಿಂತ ಸುಲಭವಾಗಿ ಕರಗತಕ್ಕ ಲೋಹ. ತಾನು ಸವೆಯುತ್ತ ಕಬ್ಬಿಣವನ್ನು ಕಾಯುವುದು. ಇದೇ ತತ್ತ್ವವನ್ನು ಆಂಗ್ಲ ವಿಜ್ಞಾನಿ ಹಂಫ್ರಿ ಡೇವಿಯು 1824ರಲ್ಲಿ, ಹಡಗುಗಳ ತಳದ ತಾಮ್ರದ ತಗಡನ್ನು ಉಳಿಸುವುದಕ್ಕೆ ಪ್ರಯೋಗಿಸಿ ತೋರಿಸಿದನು. ಆದರೆ ಸಲಾಕೆಯು ಪೂರ್ತಿ ತೀರಿದ ಮೇಲೆ ಹಂಡೆಗೆ ಕಾವಲಿಲ್ಲ.

ಇಲ್ಲಿಯೇ ಬಾಡಿಗೆಮನೆಯ ತೊಡಕು. ಸಲಾಕೆಯು ಕಣ್ಣಿಗೆ ಕಾಣದು. ಯಜಮಾನರು ಅದನ್ನು ನೋಡಲು ಬರುವುದಿಲ್ಲ. ಒಕ್ಕಲಿನವರು, ನಾಳೆ ಬಿಟ್ಟುಹೋಗುವ ಮನೆಗೆ ತಾವೇಕೆ ಹಣ ಹಾಕಬೇಕೆನ್ನುವರು. ತೊಟ್ಟಿಕ್ಕಿದ ದಿನ ಮುಂಗಡದ ಹಣದಲ್ಲಿ ಮುರಿದುಕೊಳ್ಳುವ ಮಾತು ಬಂದು, ವರ್ಷಗಳ ವಿಶ್ವಾಸವು ಕೆಡುವುದು. ಭಾರತ ಸರ್ಕಾರವು 2021ರಲ್ಲಿ ರಾಜ್ಯಗಳಿಗೆ ಮಾದರಿಯಾಗಿ ಮುಂದಿಟ್ಟ ಬಾಡಿಗೆಯ ಕಾನೂನು, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಕೊಳಾಯಿಯ ಕೊಳವೆಗಳನ್ನು ಬದಲಿಸುವುದನ್ನು ಯಜಮಾನರ ಪಾಲಿಗೂ, ಗೀಸರಿನ ದುರಸ್ತಿಯನ್ನು ಒಕ್ಕಲಿನವರ ಪಾಲಿಗೂ ಹಂಚಿದೆ. ದುರಸ್ತಿ ಯಾವುದು, ಹಂಡೆಯೇ ಹೋಗುವುದು ಯಾವುದು ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ನಮ್ಮ ಸಲಹೆ ಸರಳವಾದದ್ದು. ಬಾಡಿಗೆಯ ಕರಾರನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಯುವ ವಾಡಿಕೆಯುಂಟು. ಆ ಕರಾರನ್ನು ಹೊಸದು ಮಾಡುವ ವಾರವೇ ಗೀಸರನ್ನು ಬಿಚ್ಚಿಸಿ ನೋಡುವ ವಾರವಾಗಲಿ. ಕೆಲಸ ಬಲ್ಲವನು ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿ ಆರಿಸಿ, ನೀರನ್ನು ತಣಿಸಿ ಹೊರಬಿಟ್ಟು, ತಳದ ಗಸಿಯನ್ನು ತೊಳೆಯಲಿ. ಸಲಾಕೆಯ ಒಳಗಿನ ತಂತಿ ಕಾಣಿಸಿದರೆ, ಅಥವಾ ಅದು ಬಹುಪಾಲು ಸವೆದಿದ್ದರೆ, ತಡಮಾಡದೆ ಬದಲಿಸತಕ್ಕದ್ದು. ಸಲಾಕೆಯ ಬೆಲೆಯು ಹಂಡೆಯ ಬೆಲೆಯ ಮುಂದೆ ಅತ್ಯಲ್ಪ. ಅದನ್ನು ಯಜಮಾನರು ಕೊಡಲಿ. ಕೆಲಸಗಾರನನ್ನು ಕರೆಸಿ ಮನೆಯ ಬಾಗಿಲು ತೆರೆಯುವ ಹೊಣೆಯನ್ನು ಒಕ್ಕಲಿನವರು ಹೊರಲಿ. ಬದಲಿಸಿದ ತಾರೀಖನ್ನು ಚೀಟಿಯಲ್ಲಿ ಬರೆದು ಗೀಸರಿಗೇ ಅಂಟಿಸಿದರೆ, ಮುಂದಿನ ಒಕ್ಕಲಿಗೂ ತಿಳಿಯುವುದು.

ಇನ್ನೂ ಕೆಲವು ಮಾತು. ನೀರನ್ನು ಅತಿಯಾಗಿ ಕಾಯಿಸಿದಷ್ಟೂ ಗಸಿಯೂ ಸವೆತವೂ ಹೆಚ್ಚು. ಸುಮಾರು 60 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೇರಿಸಬೇಕಾದ ಅಗತ್ಯವಿಲ್ಲ. ನೀರನ್ನು ಮೆದುಗೊಳಿಸುವ ಉಪಕರಣವಿದ್ದ ಮನೆಯಲ್ಲಿ ಹೊಪ್ಪಳೆ ಕಡಮೆಯಾದರೂ ಸಲಾಕೆ ಬೇಗ ಸವೆಯಬಹುದು. ಅಲ್ಲಿ ಆರು ತಿಂಗಳಿಗೊಮ್ಮೆ ನೋಡುವುದು ಲೇಸು. ತಾಮ್ರದ ಕೊಳವೆಯನ್ನು ಉಕ್ಕಿನ ಹಂಡೆಗೆ ನೇರವಾಗಿ ಜೋಡಿಸಿದರೆ ಕೂಡಿದ ಜಾಗದಲ್ಲಿ ಉಕ್ಕು ಸವೆಯುವುದು. ನಡುವೆ ವಿದ್ಯುತ್ತು ಹರಿಯದ ತುಂಡೊಂದು ಇರಲಿ. ಒತ್ತಡ ಬಿಡುವ ವಾಲ್ವು ತೊಟ್ಟಿಕ್ಕಿತೆಂದು ಅದನ್ನು ಎಂದಿಗೂ ಮುಚ್ಚಬಾರದು, ಅದು ಪ್ರಾಣಾಪಾಯ. ಮನೆ ಖಾಲಿಯಾದಾಗ ಗೀಸರನ್ನು ಆರಿಸಿಡಬೇಕು. ಹಂಡೆಯಲ್ಲಿ ನೀರು ತುಂಬದೆ ಮತ್ತೆ ಹಚ್ಚಿದರೆ ಸುರುಳಿ ಸುಟ್ಟುಹೋಗುವುದು.

ಹಿಂದೆ ಕಲಾಯಿಯವನು ಬೀದಿಯಲ್ಲಿ ಕೂಗಿದಾಗ ಗೃಹಿಣಿಯರು ಪಾತ್ರೆಗಳನ್ನು ತಾವಾಗಿಯೇ ಹೊರಗೆ ತಂದಿಡುತ್ತಿದ್ದರು. ಗೀಸರಿನ ಸಲಾಕೆಗೆ ಕೂಗುವವರಿಲ್ಲ. ಆದುದರಿಂದ ಮುಂದಿನ ಕರಾರಿಗೆ ಸಹಿ ಹಾಕುವ ಮೊದಲು, ಅದರಲ್ಲಿ ಈ ಒಂದು ಸಾಲನ್ನು ಸೇರಿಸಿಕೊಳ್ಳಿರೆಂದು ಯಜಮಾನರನ್ನೂ ಒಕ್ಕಲಿನವರನ್ನೂ ಕೋರುತ್ತೇವೆ.