ಹಿಮಯಾತ್ರೆಯ ಗ್ರಂಥವೂ ನೆರೆಯ ವಾಚಕರೂ



ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟನ ಯಾತ್ರೆಯನ್ನು ಕುರಿತು ನಾವು ಕನ್ನಡದಲ್ಲಿ ಒಂದು ಪುಸ್ತಕವನ್ನು ಬರೆದು ಮುಗಿಸಿದ್ದೇವೆ. ಅಚ್ಚಿಗೆ ಕೊಡುವ ಮುನ್ನ ಹಸ್ತಪ್ರತಿಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಾಚಕರ ಕೈಗೆ ಒಪ್ಪಿಸಬೇಕೆಂದು ನಿಶ್ಚಯಿಸಿದ್ದೇವೆ. ಹಿಮವನ್ನೇ ಕಾಣದ ಮಲೆನಾಡಿಗರು ಹಿಮದೇಶದ ಕಥೆಯ ಗುಣದೋಷಗಳನ್ನು ಹೇಗೆ ಹೇಳಬಲ್ಲರೆಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರವಿಷ್ಟು.

ಮೊದಲು ಕಥೆಯ ಸಾರ. ನಾರ್ವೆಯ ಅಮುಂಡ್ಸೆನ್ 1911ನೆಯ ಡಿಸೆಂಬರ್ 14ರಂದು ಧ್ರುವವನ್ನು ಮುಟ್ಟಿದನು. ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಅಲ್ಲಿಗೆ ಸೇರಿದ್ದು 1912ನೆಯ ಜನವರಿ 17ರಂದು. ಹಿಂದಿರುಗುವ ದಾರಿಯಲ್ಲಿ ಐವರೂ ಮಡಿದರು. ಕೊನೆಯ ಮೂವರ ಗುಡಾರವು ‘ಒಂದು ಟನ್’ ಎಂಬ ಉಗ್ರಾಣಕ್ಕೆ 11 ಮೈಲಿ ದೂರದಲ್ಲಿತ್ತು. ದಾರಿಯ ಉಗ್ರಾಣಗಳಲ್ಲಿ ಕೂಡಿಟ್ಟ ಸೀಮೆಎಣ್ಣೆಯು ಡಬ್ಬಗಳಿಂದ ಕಡಮೆಯಾಗಿತ್ತು. ಮುಚ್ಚಳದ ಚರ್ಮದ ಬಿಲ್ಲೆಗಳು ಚಳಿಗೆ ಕೆಟ್ಟಿದ್ದುವೆಂದು ಹೇಳುತ್ತಾರೆ. ಎಣ್ಣೆಯಿಲ್ಲದೆ ಹಿಮವು ಕರಗದು. ಹಿಮವು ಕರಗದೆ ಕುಡಿಯಲು ನೀರಿಲ್ಲ.

ಮೃಗಶಿರೆಯ ಮಳೆ ಹಿಡಿಯುವ ಮುನ್ನ ಸೌದೆಯನ್ನು ಮಾಡಿನಡಿಗೆ ಸೇರಿಸಿ, ಅಕ್ಕಿಬೇಳೆ, ಹಲಸಿನ ಹಪ್ಪಳಗಳನ್ನು ಅಟ್ಟಕ್ಕೇರಿಸುವ ನಮ್ಮ ಗೃಹಿಣಿಗೆ ಉಗ್ರಾಣದ ಮರ್ಮವನ್ನು ಯಾರೂ ಕಲಿಸಬೇಕಾಗಿಲ್ಲ. ನಡುಮಳೆಗಾಲದಲ್ಲಿ ಡಬ್ಬವೊಂದು ಬರಿದಾದರೆ ಮನೆಯೊಳಗಣ ಮಾತು ಹೇಗೆ ಮಾರ್ಪಡುವುದೆಂದು ಆಕೆ ಬಲ್ಲಳು. ಆ ಅಧ್ಯಾಯವು ಆಕೆಗೆ ಸಪ್ಪೆಯೆನಿಸಿದರೆ ಅದನ್ನು ಮತ್ತೆ ಬರೆಯಬೇಕು.

ಇನ್ನು ಪದಗಳ ವಿಚಾರ. ನಮ್ಮಲ್ಲಿ ಮಂಜೆಂದರೆ ಬೆಳಗಿನಲ್ಲಿ ಅಡಕೆಯ ತೋಟವನ್ನು ಕವಿಯುವ ಮುಸುಕು. ಬಾನಿನಿಂದ ಬೀಳುವ ಗಟ್ಟಿನೀರೆಂದರೆ ಆಲಿಕಲ್ಲು. ಹಿಮದ ಹಾಸಿನಲ್ಲಿ ಬಾಯ್ದೆರೆದ ಆಳವಾದ ಸೀಳನ್ನು ನಾವು ‘ಹಿಮಕಂದರ’ವೆಂದು ಕರೆದಿದ್ದೇವೆ. ಕೇಳಿದೊಡನೆ ಕಾಲು ಹಿಂಜರಿಯುವಂತಹ ಪದವು ಬೇರೊಂದಿದ್ದರೆ ತಿಳಿಸಬೇಕು. ಭಾರತದ ಮೊದಲನೆಯ ಅಂಟಾರ್ಕ್ಟಿಕ ಯಾತ್ರೆಯು 1981ನೆಯ ಡಿಸೆಂಬರ್ 6ರಂದು ಹೊರಟದ್ದು ನಮ್ಮ ಜಿಲ್ಲೆಗೆ ನೆರೆಯಾದ ಗೋವೆಯಿಂದಲೇ. ಆದುದರಿಂದ ಇಂತಹ ಪದಗಳು ನಮಗೆ ಇನ್ನು ಹೊರನಾಡಿನ ಸರಕಲ್ಲ.

ಧ್ರುವಯಾತ್ರೆಯ ಗ್ರಂಥಕ್ಕೆ ನೆರೆಯವರು ನೆರವಾದುದಕ್ಕೆ ಉತ್ತಮ ನಿದರ್ಶನವೂ ಉಂಟು. ಸ್ಕಾಟನ ತಂಡದ ತರುಣ ಚೆರಿ-ಗರಾರ್ಡನು 1912ನೆಯ ಮಾರ್ಚ್ 3ರಿಂದ 10ರವರೆಗೆ ನಾಯಿಬಂಡಿಗಳೊಡನೆ ‘ಒಂದು ಟನ್’ ಉಗ್ರಾಣದಲ್ಲಿ ಕಾದು ಹಿಂದಿರುಗಿದನು. ನಾಯಿಗಳಿಗೆ ಮುಂದಕ್ಕೆ ಮೇವಿರಲಿಲ್ಲ. ಅವುಗಳನ್ನು ಅಪಾಯಕ್ಕೊಡ್ಡಬಾರದೆಂಬ ಆಜ್ಞೆಯೂ ಇತ್ತು. ನವೆಂಬರ್ 12ರಂದು ಗುಡಾರವನ್ನು ಕಂಡವರಲ್ಲಿ ಆತನೂ ಒಬ್ಬನು. ‘ಇನ್ನಷ್ಟು ಮುಂದೆ ಹೋಗಿದ್ದರೆ’ ಎಂಬ ಯೋಚನೆ ಆತನನ್ನು ಜೀವಮಾನವೆಲ್ಲ ಕೊರೆಯಿತು. ಆತನು ಆ ಯಾತ್ರೆಯ ಚರಿತ್ರೆಯನ್ನು ಬರೆಯುತ್ತಿದ್ದಾಗ ನೆರೆಯೂರಿನ ಬರ್ನಾರ್ಡ್ ಷಾ ಮಹಾಶಯನೂ ಅವನ ಪತ್ನಿಯೂ ಹಸ್ತಪ್ರತಿಯನ್ನು ಓದಿ ಸಲಹೆಯಿತ್ತರು. 1922ರಲ್ಲಿ ಪ್ರಕಟವಾದ ಆ ಗ್ರಂಥವನ್ನು ಇಂದಿಗೂ ಜನರು ಓದುತ್ತಾರೆ. ಷಾ ದಂಪತಿಗಳು ಧ್ರುವವನ್ನು ಕಂಡವರಲ್ಲ. ಬರಹವನ್ನೂ ಮನುಷ್ಯನನ್ನೂ ಬಲ್ಲವರು.

ನಮ್ಮ ಮುಖ್ಯವಾದ ಪ್ರಶ್ನೆಯೂ ಈ ಚೆರಿ-ಗರಾರ್ಡನನ್ನು ಕುರಿತದ್ದೇ. ನಡೆದುಹೋದುದನ್ನೆಲ್ಲ ಬಲ್ಲ ನಾವು, ಏನನ್ನೂ ಅರಿಯದೆ ಕತ್ತಲಲ್ಲಿ ಕಾದವನ ಮೇಲೆ ತೀರ್ಪು ಕೊಡುವುದು ಸುಲಭ. ನಮ್ಮ ಬರಹದಲ್ಲಿ ಆತನಿಗೆ ನ್ಯಾಯ ದೊರೆತಿದೆಯೇ? ಸತ್ತವರ ಮೇಲಣ ಕನಿಕರವು ಬದುಕಿ ಉಳಿದವನ ಮೇಲೆ ಕಠೋರತೆಯಾಗಿ ತಿರುಗಿದೆಯೇ? ಬರೆದವರಿಗೆ ಇದು ಕಾಣುವುದು ಕಷ್ಟ. ಓದುವವರಿಗೆ ಬೇಗನೆ ಕಾಣುವುದು.

ಮೂರು ಪ್ರತಿಗಳು ಸಿದ್ಧವಾಗಿವೆ, ಒಂದೊಂದು ತಾಲ್ಲೂಕಿಗೆ ಒಂದೊಂದು. ಜಗಲಿಯ ಮೇಲೆ ಒಬ್ಬರು ಓದಿ ಹತ್ತು ಮಂದಿ ಕೇಳಿದರೆ ಇನ್ನೂ ಒಳ್ಳೆಯದು. ಕೇಳುವವರು ತೂಕಡಿಸಿದ ಪುಟವನ್ನು ಗುರುತುಮಾಡಿರಿ. ಒಪ್ಪದ ಮಾತಿನ ಪಕ್ಕದಲ್ಲಿ ಕಾರಣವನ್ನು ಬರೆಯಿರಿ. ದಾಕ್ಷಿಣ್ಯಕ್ಕಾಗಿ ಹೊಗಳಬೇಡಿರಿ. ಅಂಚುಗಳನ್ನು ಅಗಲವಾಗಿಯೇ ಬಿಟ್ಟಿದ್ದೇವೆ.