ಉರುಮೆಯವರ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನೂ ಬರೆದಿದ್ದಾನೆ: ಚಪಡ. ತಾನು ಲಿಪಿಕಾರನೆಂಬುದನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದು ತನ್ನ ವಿದ್ಯೆಯನ್ನೂ ಮೆರೆದಿದ್ದಾನೆ. ಸುಮಾರು ೨೨೦೦ ವರ್ಷಗಳ ಹಿಂದಿನ ಒಬ್ಬ ಕುಶಲಿಯ ಹೆಸರು ನಮಗೆ ತಿಳಿದಿದೆ. ಅದೇ ಸೀಮೆಯಲ್ಲಿ ತಲೆಮಾರುಗಳಿಂದ ಉರುಮೆ ನುಡಿಸಿಕೊಂಡು ಬಂದವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ಗ್ರಂಥಗಳಲ್ಲಿದೆ?

ಉರುಮೆಯನ್ನು ಕಾಣದ ಶ್ರೋತೃಗಳಿಗಾಗಿ ಒಂದು ಮಾತು. ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯ ಅದು. ಒಂದು ಮುಖವನ್ನು ಕಡ್ಡಿಯಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಏಳುವ ನಾದ ಬಡಿತದಂತೆ ತುಂಡಾಗಿ ಬೀಳುವುದಿಲ್ಲ. ನರಳಿದಂತೆ, ಗುಡುಗು ದೂರ ಸರಿದಂತೆ ಜಾರುತ್ತದೆ. ತೆಲುಗಿನಲ್ಲಿ 'ಉರುಮು' ಎಂದರೆ ಗುಡುಗೇ. ಗಡಿಯಾಚೆಯ ಅನಂತಪುರದ ಕಡೆಯಲ್ಲಿಯೂ ಉರುಮುಗಳ ಕುಣಿತವಿದೆ. ನಮ್ಮಲ್ಲಿ ಮ್ಯಾಸಬೇಡರ ದೇವರುಗಳ ಮುಂದೆ ಈ ವಾದ್ಯವನ್ನು ನುಡಿಸುವವರು ಬಹುಮಟ್ಟಿಗೆ ಮಾದಿಗ ಸಮುದಾಯದವರು. ದೇವರನ್ನು ಎಬ್ಬಿಸುವ ನಾದ ಅವರದು. ನಿಲ್ಲುವ ಜಾಗ ಮಾತ್ರ ಗುಡಿಯ ಹೊರಗೆ.

ಹಾಡಿನ ವಿಷಯದಲ್ಲಿ ನಾವು ಇಷ್ಟು ಬಡವರಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕೃಷ್ಣಮೂರ್ತಿ ಹನೂರು ಅವರು ಆಕೆಯ ಪದಗಳನ್ನು ಕೇಳಿ ಬರೆದುಕೊಂಡರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಪದಕ್ಕೆ ಪಠ್ಯವಿದೆ, ಆದ್ದರಿಂದ ನಮ್ಮಂಥ ಕನ್ನಡ ಮೇಷ್ಟ್ರುಗಳ ಕಣ್ಣಿಗೆ ಅದು ಬಿತ್ತು. ನಾದಕ್ಕೆ ಪಠ್ಯವೆಲ್ಲಿ?

ಅಮೆರಿಕದ ಗ್ರಾಮೀಣ ಸಂಗೀತದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಎಂಬುದೊಂದಿದೆ. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ವಾದ್ಯ. ಗೋಟುವಾದ್ಯ ಕೇಳಿದವರಿಗೆ ಆ ಜಾರು ಅಪರಿಚಿತವಲ್ಲ. ಕಾಲಿನಿಂದ ಪೆಡಲನ್ನು ಒತ್ತಿದರೆ ತಂತಿಯ ಬಿಗಿ ಬದಲಾಗಿ ಸ್ವರ ಬಾಗುತ್ತದೆ. ೧೯೫೪ರಲ್ಲಿ ಜನಪ್ರಿಯವಾದ, ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ'ಯಲ್ಲಿ ಬಡ್ ಐಸಾಕ್ಸ್ ಎಂಬಾತ ನುಡಿಯುತ್ತಿರುವ ತಂತಿಯನ್ನೇ ಹೀಗೆ ಬಾಗಿಸಿದ. ಉಳಿದವರು ಅದನ್ನು ಅನುಸರಿಸಿದರು. ೧೯೭೮ರಿಂದ ಸೇಂಟ್ ಲೂಯಿಸ್ ನಗರದಲ್ಲಿ ಸ್ಟೀಲ್ ಗಿಟಾರ್ ವಾದಕರ ಗೌರವ ಪಟ್ಟಿಯೂ ಬೆಳೆಯಿತು. ಮೊದಲು ಸೇರಿದ ಹೆಸರು ಜೆರ್ರಿ ಬರ್ಡ್. ಇವರೆಲ್ಲ ಹೆಚ್ಚಾಗಿ ಗಾಯಕನ ಹಿಂದೆ ಕುಳಿತ ಪಕ್ಕವಾದ್ಯದವರೇ. ಆದರೂ ಯಾರ ಕೈಯಲ್ಲಿ, ಯಾವ ಹಾಡಿನಲ್ಲಿ ವಾದ್ಯದ ಮಾತು ಬದಲಾಯಿತೆಂದು ಅಲ್ಲಿ ಹೇಳಬಲ್ಲರು.

ನಮ್ಮಲ್ಲಿಯೂ ಕಡ್ಡಿಯ ಹೊಡೆತವನ್ನು, ಕೋಲಿನ ಉಜ್ಜನ್ನು ಬದಲಿಸಿದ ಪ್ರತಿಭಾವಂತರು ಇದ್ದಿರಲೇಬೇಕು. ಒಂದು ಪರಿಷೆಯಲ್ಲಿ ನಾನು ಒಬ್ಬ ಹಿರಿಯರ ಹೆಸರು ಕೇಳಿದೆ. "ನಮ್ಮೆಸ್ರು ಯಾಕ್ ಬಿಡಿ ಸ್ವಾಮಿ, ಉರುಮೆಯೋರು ಅಂತ ಬರ್ಕಳ್ರಿ" ಎಂದರು. ವಿನಯವೆಂದು ಮೊದಲು ತೋರಿತು. ಅವರ ಪಕ್ಕದಲ್ಲಿದ್ದ ಮಗ ಮುಖ ತಿರುಗಿಸಿದ ರೀತಿ ನೋಡಿದಾಗ, ಅದು ವಿನಯವಲ್ಲ, ಊರು ಕಲಿಸಿದ ಪಾಠ ಎಂದು ಅರಿವಾಯಿತು. ಆ ಹುಡುಗ ಉರುಮೆ ಮುಟ್ಟುವುದಿಲ್ಲವಂತೆ. "ಅಪ್ಪ ಹೊರಗೆ ನಿಂತಿದ್ದು ಸಾಕು" ಎಂದ.

ಕಲೆ ಅಳಿಯುತ್ತಿದೆ ಎಂದು ಸಭೆಗಳಲ್ಲಿ ಕಣ್ಣೀರಿಡುವವರು ಈ ಮಾತನ್ನು ಕೇಳಬೇಕು. ಹುಟ್ಟಿನಿಂದ ಹೊರಿಸಿದ ಚಾಕರಿಯನ್ನು ಒಬ್ಬ ತರುಣ ಇಳಿಸಿದರೆ, ಪರಂಪರೆಯ ಹೆಸರಿನಲ್ಲಿ ಮತ್ತೆ ಹೊರು ಎನ್ನುವ ಅಧಿಕಾರ ನಮಗಿಲ್ಲ. ಅವನು ಏಕೆ ಇಳಿಸಿದ ಎಂಬುದನ್ನೂ ಉರುಮೆಯ ಚರಿತ್ರೆಯಲ್ಲಿ ಬರೆಯಬೇಕು. ಅವನ ತಂದೆಯ ಕೈಯಲ್ಲಿದ್ದ ಗತ್ತುಗಳನ್ನು ಮಾತ್ರ, ಅವರು ಒಪ್ಪಿದರೆ, ಅವರ ಹೆಸರಿನೊಡನೆ ಧ್ವನಿಮುದ್ರಿಸಿಕೊಳ್ಳಬಹುದು. ವಾದ್ಯವನ್ನಷ್ಟೇ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಮೂಕ ಚರ್ಮ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಸಾವಿರಾರು ಜನ ಹೋಗುತ್ತಾರೆ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆ. ಹೋದವರು ಉರುಮೆಯವರ ಬಳಿ ಒಂದು ಗಳಿಗೆ ಕುಳಿತು ಕೇಳಲಿ: ನಿಮ್ಮ ಹೆಸರೇನು, ಯಾವೂರು, ಯಾರಿಂದ ಕಲಿತಿರಿ, ಚರ್ಮ ಬಿಗಿದವರು ಯಾರು, ಈ ಗತ್ತು ಯಾವ ದೇವರದು? ಉತ್ತರವನ್ನು ದಿನಾಂಕದ ಸಮೇತ ಬರೆದು, ಒಂದು ಪ್ರತಿಯನ್ನು ಮೊದಲು ಅವರ ಮನೆಗೇ ಕೊಡಲಿ.